ಕೋತಿಯನ್ನು ಎಲ್ಲಿಗೆ ಒಯ್ಯುವುದು?

2014ರ ಜುಲೈ 31ರಂದು ರಾಜ್ಯಸಭೆಯಲ್ಲಿ ಒಂದು ಲಿಖಿತ ಉತ್ತರ ಮಂಡನೆಯಾಯಿತು. ಸಂಸತ್ ಭವನದ ಸುತ್ತಮುತ್ತ ಕೋತಿಗಳ ಕಾಟ ತಪ್ಪಿಸಲು ಸರ್ಕಾರ ಏನು ಮಾಡುತ್ತಿದೆ ಎಂಬುದು ಪ್ರಶ್ನೆ. ಲಂಗೂರ್‌ಗಳ ಹಾಗೆ ನಟಿಸಿ ಕೋತಿಗಳನ್ನು ಓಡಿಸಲು ತರಬೇತಿ ಪಡೆದ 40 ಮಂದಿಯನ್ನು ಹೊಸದಿಲ್ಲಿ ಪುರಸಭಾ ಮಂಡಳಿ ನೇಮಿಸಿಕೊಂಡಿದೆ ಎಂದು ನಗರಾಭಿವೃದ್ಧಿ ಸಚಿವ ಎಂ. ವೆಂಕಯ್ಯ ನಾಯ್ಡು ಉತ್ತರಿಸಿದರು. ಆಗ ಅವರು ರಾಜ್ಯಸಭೆಗೆ ಕರ್ನಾಟಕದಿಂದ ಆರಿಸಿ ಬಂದಿದ್ದವರು. ಮಾರನೆಯ ದಿನ ಪತ್ರಿಕೆಗಳು ಇದನ್ನು ಬೇಕಾದಷ್ಟು ಆಡಿಕೊಂಡವು. ಕಪ್ಪು ಮುಖವಾಡ ತೊಟ್ಟು, ಬಾಲ ಕಟ್ಟಿಕೊಂಡು ಮರ ಹತ್ತುವ ಸರ್ಕಾರಿ ನೌಕರರ ಚಿತ್ರ ಎಲ್ಲರ ಕಣ್ಣ ಮುಂದೆ ಬಂತು. ವೇಷವೂ ಇಲ್ಲ, ಬಾಲವೂ ಇಲ್ಲ, ಬಾಯಲ್ಲಿ ಲಂಗೂರ್‌ನ ಕೂಗನ್ನು ಅನುಕರಿಸುತ್ತಾರೆ ಅಷ್ಟೆ ಎಂದು ಅಧಿಕಾರಿಗಳು ಆಮೇಲೆ ಹೇಳಿದ್ದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಬಿಡಿಯಾಗಿ ನೋಡಿದರೆ ಇದು ನಗೆಹನಿ. ಹಿಂದಿನ ಅರುವತ್ತು ವರ್ಷಗಳ ಜೊತೆ ಇಟ್ಟು ನೋಡಿದರೆ ಅಷ್ಟು ನಗು ಬರುವುದಿಲ್ಲ. ದಿಲ್ಲಿ ಮತ್ತು ಅದರ ಸುತ್ತಲಿನ ಬಯಲುಸೀಮೆಯ ಕೋತಿಗಳ ಇತಿಹಾಸ ಎಂದರೆ ಬಹುಮಟ್ಟಿಗೆ ಸಾಗಣೆಯ ಇತಿಹಾಸ. ಯಾರೋ ಹಿಡಿಯುತ್ತಾರೆ, ಯಾರೋ ತುಂಬಿಕೊಂಡು ಹೋಗುತ್ತಾರೆ, ಎಲ್ಲೋ ಇಳಿಸುತ್ತಾರೆ. ಇಳಿಸಿದ ಜಾಗದಲ್ಲಿ ಯಾರಿದ್ದರು ಎಂದು ಕೇಳುವ ಪದ್ಧತಿ ಇಲ್ಲ.

ಮೊದಲು ಯಾವ ಕೋತಿ ಎಂಬುದನ್ನು ಹೇಳಿಬಿಡುತ್ತೇನೆ. ನಾವು ಕರ್ನಾಟಕದಲ್ಲಿ ನೋಡಿ ಬೆಳೆದ ಕೋತಿ ಬೇರೆ, ದಿಲ್ಲಿಯದು ಬೇರೆ. ನಮ್ಮದರ ತಲೆಯ ಮೇಲೆ ನಡುವೆ ಬೈತಲೆ ತೆಗೆದ ಹಾಗೆ ಟೋಪಿಯಂಥ ಕೂದಲಿರುತ್ತದೆ, ಬಾಲ ಮೈಗಿಂತ ಉದ್ದ. ದಿಲ್ಲಿಯ ಕೋತಿ ಗಿಡ್ಡ ಬಾಲದ, ದಪ್ಪ ಮೈಯ, ಕೆಂಪು ಕುಂಡೆಯ ರೀಸಸ್. ಕನ್ನಡದಲ್ಲಿ ಕೋತಿ, ಮಂಗ, ಕಪಿ, ಶರೀಫರ ಹಾಡಿನಿಂದ ಉಳಿದುಕೊಂಡಿರುವ ಕೋಡಗ, ಕರಿಮುಖದ ಉದ್ದಬಾಲದ ಜಾತಿಗೆ ಮುಸುವ, ಇಷ್ಟೆಲ್ಲ ಇದ್ದರೂ ರೀಸಸ್‌ಗೆ ಬೇರೆ ಹೆಸರಿಲ್ಲ, ಏಕೆಂದರೆ ಅದು ನಮ್ಮ ಊರಿನದಲ್ಲ. ರೀಸಸ್ ಎಂಬ ಹೆಸರಾದರೂ ಏನು? ಟ್ರಾಯ್ ಯುದ್ಧದ ಕತೆಯಲ್ಲಿ ಬರುವ ಥ್ರೇಸ್ ದೇಶದ ಒಬ್ಬ ರಾಜನ ಹೆಸರನ್ನು ಹದಿನೆಂಟನೆಯ ಶತಮಾನದ ಕೊನೆಗೆ ಒಡೆಬೇರ್ ಎಂಬ ಫ್ರೆಂಚ್ ಚಿತ್ರಕಾರ-ಪ್ರಾಣಿಶಾಸ್ತ್ರಜ್ಞ ಸುಮ್ಮನೆ ಇಟ್ಟದ್ದು. ಹೆಸರಿಗೂ ಪ್ರಾಣಿಗೂ ಸಂಬಂಧವಿಲ್ಲ. ಆದರೆ ಆ ಹೆಸರು ಈಗ ನಿಮ್ಮ ಮೈಯಲ್ಲೂ ಇದೆ. ರಕ್ತದ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುತ್ತಾರಲ್ಲ, ಆ ಆರ್‌ಎಚ್ ಅಂದರೆ ರೀಸಸ್. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಈ ಕೋತಿಯ ರಕ್ತ ಬಳಸಿ ನಡೆಸಿದ ಪ್ರಯೋಗದಿಂದ ಬಂದ ಹೆಸರು ಅದು.

ದೊಡ್ಡ ಪ್ರಮಾಣದ ಸಾಗಣೆ ಶುರುವಾದದ್ದು ಇದಾದ ಮೇಲೆ, ಪೋಲಿಯೊದಿಂದ. ಜೋನಸ್ ಸಾಕ್ ಪಿಟ್ಸ್‌ಬರ್ಗ್‌ನಲ್ಲಿ ತಯಾರಿಸಿದ ಲಸಿಕೆಗೆ ವೈರಸ್ಸನ್ನು ಬೆಳೆಸಬೇಕಿತ್ತು, ಅದು ಚೆನ್ನಾಗಿ ಬೆಳೆಯುತ್ತಿದ್ದುದು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ. 1954ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡರು. ಅಷ್ಟು ಮಕ್ಕಳಿಗೆ ಬೇಕಾದ ಲಸಿಕೆಗೆ, ಆಮೇಲೆ ಇಡೀ ದೇಶಕ್ಕೆ ಬೇಕಾದ ಲಸಿಕೆಗೆ, ಕೋತಿ ಎಲ್ಲಿಂದ ತರುವುದು? ಉತ್ತರ ಪ್ರದೇಶದ ಹಳ್ಳಿಗಳಿಂದ. ಕೋತಿ ಹಿಡಿಯುವುದೇ ಕಸುಬಾಗಿದ್ದ ಜನ ಬಲೆ ಹಾಕಿ ಹಿಡಿದರು, ಬುಟ್ಟಿಗಳಲ್ಲಿ ತುಂಬಿ ದಿಲ್ಲಿಗೆ ತಂದರು, ಅಲ್ಲಿಂದ ವಿಮಾನದಲ್ಲಿ ಲಂಡನ್ ಮಾರ್ಗವಾಗಿ ನ್ಯೂಯಾರ್ಕ್. ದಕ್ಷಿಣ ಕೆರೊಲಿನಾದಲ್ಲಿ ಒಕಾಟಿ ಫಾರ್ಮ್ಸ್ ಎಂಬ ಜಾಗವನ್ನು ಕೋತಿಗಳನ್ನು ಇಳಿಸಿ, ಚೇತರಿಸಿಕೊಳ್ಳಲು ಬಿಟ್ಟು, ಪ್ರಯೋಗಾಲಯಗಳಿಗೆ ಹಂಚುವುದಕ್ಕಾಗಿಯೇ ನಡೆಸುತ್ತಿದ್ದರು. 1950ರ ದಶಕದ ಕೊನೆಯ ಹೊತ್ತಿಗೆ ಭಾರತದಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕೋತಿಗಳು ಹೋಗುತ್ತಿದ್ದವು. ಹೊಸ ಗಣರಾಜ್ಯಕ್ಕೆ ವಿದೇಶಿ ವಿನಿಮಯ ಎಷ್ಟು ಬಂದರೂ ಬೇಕಾಗಿದ್ದ ಕಾಲ ಅದು.

ಜನ ಇದನ್ನು ಒಪ್ಪಿಕೊಂಡೇ ಇದ್ದರು ಎನ್ನುವಂತಿಲ್ಲ. 1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಮುಚ್ಚಿದ ವಾಹನದಲ್ಲಿ ಬಿಟ್ಟಿದ್ದ ಸುಮಾರು ನಾನೂರು ಕೋತಿಗಳು ಉಸಿರುಗಟ್ಟಿ ಸತ್ತವು. ಇಲ್ಲಿ ಗದ್ದಲವೆದ್ದು ಮಾರ್ಚ್‌ನಲ್ಲಿ ಭಾರತ ರಫ್ತು ನಿಲ್ಲಿಸಿತು. ಸಾಕ್ ಲಸಿಕೆ ಪರಿಣಾಮಕಾರಿ ಎಂಬ ಘೋಷಣೆ ಬರಬೇಕಿದ್ದದ್ದು ಏಪ್ರಿಲ್‌ನಲ್ಲಿ. ಹನುಮಂತನ ನಾಡು ಮತ್ತು ಕಾಲು ಸೋತ ಮಕ್ಕಳ ನಡುವೆ ಕೆಲವು ವಾರ ಹೀಗೆ ಒಂದು ಜಗ್ಗಾಟ ನಡೆಯಿತು. ವೈದ್ಯಕೀಯ ಸಂಶೋಧನೆಗೆ ಮತ್ತು ಲಸಿಕೆಗೆ ಮಾತ್ರ ಬಳಸುತ್ತೇವೆ, ಸಾಗಿಸುವಾಗ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂಬ ಭರವಸೆ ಪಡೆದು ರಫ್ತನ್ನು ಮತ್ತೆ ತೆರೆದರು. ಆ ಸ್ಥಿತಿಯಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ನನಗೂ ತೋಚುವುದಿಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟು ಮನೆಗಳಲ್ಲಿ ಪೋಲಿಯೊ ಕಾಲಿನವರು ಇದ್ದರು ಎಂದು ನೆನಪಿಸಿಕೊಳ್ಳಿ.

ಅಮೆರಿಕದ ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಸಿದ್ದಿಕಿ ಮೊದಲಾದವರು 1959-60ರಲ್ಲಿ ಉತ್ತರ ಪ್ರದೇಶದ ಕೋತಿಗಳನ್ನು ಎಣಿಸಲು ಹೊರಟರು. ಅವರಿಗೆ ಕಂಡ ಎರಡು ಸಂಗತಿಗಳು ಈ ಕತೆಗೆ ಮುಖ್ಯ. ಒಂದು, ರೀಸಸ್ ಕೋತಿಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಇರಲೇ ಇಲ್ಲ. ಹಳ್ಳಿ, ಪೇಟೆ, ದೇವಸ್ಥಾನ, ರೈಲ್ವೆ ನಿಲ್ದಾಣ, ಕಾಲುವೆ ದಂಡೆ, ರಸ್ತೆ ಬದಿಯ ಮರಸಾಲು, ಇವೇ ಅವುಗಳ ಮನೆ. ಎರಡನೆಯದು, ಗುಂಪುಗಳಲ್ಲಿ ಮರಿಗಳ ಮತ್ತು ದೊಡ್ಡವುಗಳ ನಡುವಿನ ವಯಸ್ಸಿನವು ಇರಬೇಕಾದಷ್ಟು ಇರಲಿಲ್ಲ. ಪ್ರಯೋಗಾಲಯಕ್ಕೆ ಬೇಕಾಗಿದ್ದದ್ದು ಆ ವಯಸ್ಸಿನವೇ. ಅಲಿಗಢ ಜಿಲ್ಲೆಯಲ್ಲಿ ಅವರು ವರ್ಷ ವರ್ಷವೂ ಮಾಡಿದ ಎಣಿಕೆ 1970ರ ದಶಕದವರೆಗೂ ಇಳಿಯುತ್ತಲೇ ಹೋಯಿತು.

ರಫ್ತು ಕೊನೆಗೂ ನಿಂತದ್ದು ಸಂಖ್ಯೆ ಇಳಿಯಿತೆಂದಲ್ಲ, ಮಾತು ತಪ್ಪಿದರೆಂದು. ಭಾರತದಿಂದ ಹೋದ ಕೋತಿಗಳನ್ನು ಅಮೆರಿಕದ ಸೇನೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಕಿರಣದ ಪ್ರಯೋಗಗಳಿಗೆ, ನ್ಯೂಟ್ರಾನ್ ಬಾಂಬ್‌ಗೆ ಸಂಬಂಧಿಸಿದ ಕೆಲಸಕ್ಕೆ ಬಳಸುತ್ತಿದ್ದಾರೆ ಎಂದು ಶರ್ಲಿ ಮೆಗ್ರೀಲ್ ಅವರ ಅಂತರರಾಷ್ಟ್ರೀಯ ವಾನರ ರಕ್ಷಣಾ ಸಂಘಟನೆ ಬಯಲು ಮಾಡಿತು. ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್ 1ರಿಂದ ರೀಸಸ್ ರಫ್ತನ್ನು ಪೂರ್ತಿ ನಿಷೇಧಿಸಿತು.

ರಫ್ತು ನಿಂತಿತು, ಆದ್ದರಿಂದ ಕೋತಿ ಹೆಚ್ಚಿತು ಎಂದು ಮಾತು ಮುಗಿಸಿಬಿಡುವವರು ಈಗಲೂ ಇದ್ದಾರೆ. ಹೆಚ್ಚಿದ್ದು ನಿಜ, ಅಲಿಗಢದ ಎಣಿಕೆಯೂ ಮೇಲೇರಿತು. ಆದರೆ ತುಘಲಕಾಬಾದ್ ಕೋಟೆಯ ಕೋತಿಗಳನ್ನು 1980ರ ದಶಕದಿಂದ ಅಭ್ಯಾಸ ಮಾಡಿದ ಇಕ್ಬಾಲ್ ಮಲಿಕ್ ಹೇಳುವುದು ಇನ್ನೊಂದು ಮಾತು. ರೀಸಸ್ ಗುಂಪಿನ ಬೆನ್ನೆಲುಬು ಹೆಣ್ಣುಗಳು. ತಾಯಿ, ಮಗಳು, ಮೊಮ್ಮಗಳು ಒಂದೇ ಗುಂಪಿನಲ್ಲಿ ಉಳಿಯುತ್ತಾರೆ, ತಾಯಿಯ ಅಂತಸ್ತು ಮಗಳಿಗೆ ಬರುತ್ತದೆ. ಗಂಡುಗಳು ಬೆಳೆದ ಮೇಲೆ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಇಂಥ ಗುಂಪಿನಿಂದ ಕೈಗೆ ಸಿಕ್ಕಿದವನ್ನು ಎತ್ತಿಕೊಂಡು ಹೋದರೆ ಉಳಿದವು ಒಡೆಯುತ್ತವೆ. ದೊಡ್ಡದೊಂದು ಗುಂಪಿದ್ದ ಕಡೆ ಚಿಕ್ಕಚಿಕ್ಕವು ಹುಟ್ಟಿ, ಹೊಸ ಜಾಗ ಹುಡುಕುತ್ತವೆ. ಉಳಿದವುಗಳಿಗೆ ಮೇವು ಹೆಚ್ಚು ಸಿಕ್ಕಿ ಮರಿಗಳೂ ಹೆಚ್ಚು ಉಳಿಯುತ್ತವೆ. ಹಿಡಿಯುವುದು ಕೆಲವು ಸಲ ಹರಡುವುದೂ ಆಗುತ್ತದೆ ಎಂದು ಇದರ ಅರ್ಥ. ಮುಂದೆ ದಿಲ್ಲಿ ಮಾಡಿದ್ದನ್ನೆಲ್ಲ ಓದುವಾಗ ಈ ಒಂದು ವಿಷಯ ತಲೆಯಲ್ಲಿ ಇರಲಿ.

ಹೊಸದಿಲ್ಲಿಯನ್ನು ಯಾರಾದರೂ ಕೋತಿಗಳಿಗಾಗಿಯೇ ಕಟ್ಟಿದ್ದರೆ ಅದಕ್ಕಿಂತ ಚೆನ್ನಾಗಿ ಕಟ್ಟಲು ಆಗುತ್ತಿರಲಿಲ್ಲ. ಪಕ್ಕದಲ್ಲೇ ರಿಡ್ಜ್ ಎಂಬ ಕುರುಚಲು ಕಾಡಿನ ಗುಡ್ಡಸಾಲು, ರಸ್ತೆಯುದ್ದಕ್ಕೂ ನೇರಳೆ, ಬೇವು, ಹುಣಸೆ, ಅರ್ಜುನ, ಎಕರೆಗಟ್ಟಲೆ ತೋಟವಿರುವ ಬಂಗಲೆಗಳು, ಏರಿ ಕೂರಲು ರೈಸಿನಾ ಗುಡ್ಡದ ಮೇಲೆ ಕಲ್ಲಿನ ಚಾವಣಿಗಳು. ಶಿಮ್ಲಾ ನೋಡಿ ಇದನ್ನು ಕೋತಿಗಳೇ ಕಟ್ಟಿರಬೇಕು ಎಂದು ಲೇವಡಿ ಮಾಡಿದ ಲುಟಿಯೆನ್ಸ್, ತಾನು ಕಟ್ಟುತ್ತಿರುವುದರಲ್ಲಿ ಯಾರು ವಾಸಕ್ಕೆ ಬರುತ್ತಾರೆಂದು ಯೋಚಿಸಿರಲಿಕ್ಕಿಲ್ಲ. ಮಂಗಳವಾರ, ಶನಿವಾರ ಬಾಳೆಹಣ್ಣು, ಕಡಲೆ ಹಂಚುವ ಭಕ್ತರೂ ಸೇರಿದರೆ ಇನ್ನೇನು ಕೊರತೆ? 1990ರ ದಶಕದ ಹೊತ್ತಿಗೆ ಕೋತಿಗಳು ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳ ಕಡತಗಳಿಗೂ ಕೈ ಹಾಕಿದ್ದವು.

ಆಗ ಬಂದದ್ದು ಲಂಗೂರ್. ಹಗ್ಗ ಕಟ್ಟಿದ ಲಂಗೂರ್‌ನೊಂದಿಗೆ ಸೈಕಲ್ ಮೇಲೆ ಬರುವ ಲಂಗೂರ್‌ವಾಲಾಗಳು ತಿಂಗಳ ಸಂಬಳಕ್ಕೆ ಕಚೇರಿ ಕಾಯತೊಡಗಿದರು. ಲಂಗೂರ್ ಇರುವಷ್ಟು ಹೊತ್ತು ಕೋತಿಗಳು ಪಕ್ಕದ ಕಟ್ಟಡಕ್ಕೆ ಹೋಗುತ್ತಿದ್ದವು, ಅದು ಮನೆಗೆ ಹೋದ ಮೇಲೆ ವಾಪಸ್ಸು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ 38 ಲಂಗೂರ್‌ಗಳನ್ನು ನಿಯೋಜಿಸಿದ್ದರು. 2012ರಲ್ಲಿ ಪರಿಸರ ಸಚಿವಾಲಯ, ಲಂಗೂರ್ ಕೂಡ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ, ಅದನ್ನು ಹೀಗೆ ಕಟ್ಟಿ ದುಡಿಸುವಂತಿಲ್ಲ ಎಂದು ನೆನಪಿಸಿತು. ಲಂಗೂರ್‌ವಾಲಾಗಳ ಕೆಲಸ ಹೋಯಿತು. ರಾಜ್ಯಸಭೆಯಲ್ಲಿ ಹೆಸರಾದ ಕೂಗುವ ಕೆಲಸ ಹುಟ್ಟಿದ್ದು ಈ ಕಾರಣಕ್ಕೆ. 2023ರ ಸೆಪ್ಟೆಂಬರ್‌ನ ಜಿ20 ಸಭೆಯ ಹೊತ್ತಿಗೆ ಇನ್ನೊಂದು ಮೆಟ್ಟಿಲು ಇಳಿದು, ಸರ್ದಾರ್ ಪಟೇಲ್ ಮಾರ್ಗದಲ್ಲಿ ಆಳೆತ್ತರದ ಲಂಗೂರ್ ಚಿತ್ರಗಳನ್ನು ನಿಲ್ಲಿಸಿದ್ದರು. ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ಉಳಿದುಕೊಂಡವರು ನೋಡಿರಬಹುದು.

ಓಡಿಸುವುದು ಹೀಗೆ ಸಾಗುತ್ತಿದ್ದಾಗ ಒಯ್ಯುವುದೂ ನಡೆದೇ ಇತ್ತು. ಕೆಲವು ನೂರು ಕೋತಿಗಳನ್ನು ಮಧ್ಯಪ್ರದೇಶದ ಕೂನೋಗೆ, ಈಗ ಚೀತಾಗಳಿಂದ ಹೆಸರಾಗಿರುವ ಅದೇ ಕೂನೋಗೆ, ಕಳಿಸಿದರು. ಆಮೇಲೆ ಆ ರಾಜ್ಯ ಸಾಕು ಎಂದಿತು, ಉಳಿದ ನೆರೆಹೊರೆಯವೂ ಬೇಡ ಎಂದವು. ವಸಾಹತು ನಿವಾಸಿಗಳ ಸಂಘವೊಂದು 2001ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟ್ 2007ರ ಮಾರ್ಚ್ 14ರಂದು ಆದೇಶ ಕೊಟ್ಟಿತು: ಪಾಲಿಕೆಗಳು ಹಿಡಿಯಬೇಕು, ದಿಲ್ಲಿಯ ದಕ್ಷಿಣದ ಅಂಚಿನಲ್ಲಿರುವ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಬಿಡಬೇಕು, ಹೊರಗೆ ಬರದಂತೆ ಅಲ್ಲೇ ಅವಕ್ಕೆ ಊಟ ಕೊಡಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉಪಮೇಯರ್ ಸುರಿಂದರ್ ಸಿಂಗ್ ಬಾಜ್ವಾ ತಮ್ಮ ಮನೆಯ ಬಾಲ್ಕನಿಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ಆ ಮೇಲೆ ಹಿಡಿಯುವ ಕೆಲಸ ಚುರುಕಾಯಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಸೋಲಾಕ್ಕೆ ಒಯ್ದ ಕೋತಿಗಳು 20 ಸಾವಿರಕ್ಕೂ ಹೆಚ್ಚು.

ಇಷ್ಟಕ್ಕೂ ಇದು ಯಾರ ಕೆಲಸ? ಪಾಲಿಕೆಯವರು ಕೋರ್ಟಿನಲ್ಲಿ ಮತ್ತೆ ಮತ್ತೆ ಹೇಳಿದ್ದು, ಕೋತಿ ವನ್ಯಜೀವಿ, ಆದ್ದರಿಂದ ಅರಣ್ಯ ಇಲಾಖೆಯದು ಎಂದು. ಅರಣ್ಯ ಇಲಾಖೆಯವರು ಹೇಳಿದ್ದು, ಇವು ಊರಲ್ಲೇ ಹುಟ್ಟಿ ಬೆಳೆದವು, ಇವು ಎಲ್ಲಿಯ ವನ್ಯ ಎಂದು. ಅನುವಾದದ ಕೆಲಸದಲ್ಲಿ ವೈಲ್ಡ್ ಎಂಬ ಪದ ಬಂದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ಇಂಗ್ಲಿಷಿನ ಆ ಪದಕ್ಕೆ ಪಳಗಿಸದ್ದು ಎಂಬ ಅರ್ಥ ಸಾಕು. ನಮ್ಮ ವನ್ಯ ಹಾಗಲ್ಲ, ಅದರೊಳಗೆ ವನ ಕೂತಿದೆ. ಕಾಡುಪ್ರಾಣಿ ಎಂದರೂ ಅಷ್ಟೆ, ವಿಳಾಸ ಬರೆದೇ ಕೊಟ್ಟ ಹಾಗೆ. ಯಾರೂ ಸಾಕದ, ಆದರೆ ಕಾಡಿನಲ್ಲೂ ಇಲ್ಲದ ಪ್ರಾಣಿಗೆ ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಒಂದು ಸಲೀಸಾದ ಪದ ಇಲ್ಲ. ಪದ ಇಲ್ಲದ್ದಕ್ಕೆ ಸಮಸ್ಯೆ ಹುಟ್ಟಿತು ಎನ್ನುತ್ತಿಲ್ಲ. ಕೋತಿ ಕಂಡ ತಕ್ಷಣ ಅದರ ಜಾಗ ಕಾಡು, ಅಲ್ಲಿಗೆ ಬಿಟ್ಟುಬಂದರೆ ನ್ಯಾಯ ಎಂದು ಅಷ್ಟು ಸುಲಭವಾಗಿ ಅನ್ನಿಸುವುದರಲ್ಲಿ ಪದದ ಪಾಲೂ ಇದೆ ಎನ್ನುತ್ತಿದ್ದೇನೆ. ಸೌತ್‌ವಿಕ್ ತಂಡ 1960ರಲ್ಲೇ ಕಂಡದ್ದು ಬೇರೆ.

ಅಸೋಲಾ ಭಟ್ಟಿ ಕಾಡಾದರೂ ಹೌದೆ? ಅದರ ಭಟ್ಟಿ ಭಾಗ 1990ರ ಸುಮಾರಿನವರೆಗೂ ಗಣಿಯಾಗಿತ್ತು. ದಿಲ್ಲಿಯ ಕಟ್ಟಡಗಳಿಗೆ ಬೇಕಾದ ಬದರ್‌ಪುರ್ ಮರಳು ಅಗೆದದ್ದು ಅಲ್ಲಿಂದ. ಅಗೆದವರು ಓಡ್ ಜನ. ನಮ್ಮ ಕಡೆಯ ಬೋವಿಗಳ ಹಾಗೆ ಮಣ್ಣು, ಕಲ್ಲಿನ ಕೆಲಸವೇ ಕುಲಕಸುಬಾದವರು, ಅವರಲ್ಲಿ ಹೆಚ್ಚಿನವರು ವಿಭಜನೆಯ ಕಾಲದಲ್ಲಿ ಈಗಿನ ಪಾಕಿಸ್ತಾನದಿಂದ ಬಂದವರು. 1970ರ ದಶಕದಲ್ಲಿ ಗಣಿ ಕೆಲಸಕ್ಕಾಗಿ ಅವರನ್ನು ಅಲ್ಲಿ ನೆಲೆಗೊಳಿಸಲಾಗಿತ್ತು, ಸಂಜಯ್ ಕಾಲೋನಿ ಹುಟ್ಟಿದ್ದು ಹಾಗೆ. ಆಮೇಲೆ ಗಣಿ ಮುಚ್ಚಿತು, ಭೂಮಿ ಅಭಯಾರಣ್ಯಕ್ಕೆ ಸೇರಿತು. ಇದು ವನ್ಯಜೀವಿಗಳ ಜಾಗ, ನೀವು ಹೊರಡಬೇಕು ಎಂಬ ಮಾತನ್ನು ಅವರು ವರ್ಷಗಟ್ಟಲೆ ಕೇಳಿದರು. ಅದಾದ ಮೇಲೆ ಬಂದದ್ದು ಮಂತ್ರಿಗಳ ಬಂಗಲೆಗಳಿಂದ, ದೊಡ್ಡ ವಸಾಹತುಗಳಿಂದ ಹಿಡಿದು ತಂದ ಕೋತಿಗಳು. ಅಗೆದು ಬಿಟ್ಟ ಹಳ್ಳಗಳ, ಜಾಲಿ ಬೆಳೆದ ಆ ನೆಲದಲ್ಲಿ ಅಷ್ಟು ಕೋತಿಗಳಿಗೆ ತಿನ್ನಲು ಹಣ್ಣಿನ ಮರಗಳಿರಲಿಲ್ಲ. ಲಾರಿಯಲ್ಲಿ ಹಣ್ಣು ತರಕಾರಿ ತಂದು ಸುರಿಯಬೇಕಾಯಿತು. ಸುತ್ತ ಗೋಡೆ ಎಬ್ಬಿಸಿ, ಹತ್ತಲಾಗದಂತೆ ಮೇಲೆ ನುಣುಪಾದ ಹಾಳೆ ಹೊಡೆದರು. ಹಾಳೆ ಒಡೆದ ಕಡೆ, ಮರ ಬಾಗಿದ ಕಡೆ ಕೋತಿಗಳು ದಾಟಿದವು. ಕಚ್ಚಿಸಿಕೊಂಡ ದೂರುಗಳು ಸಂಜಯ್ ಕಾಲೋನಿಯಿಂದ, ಭಟ್ಟಿ, ಛತರ್‌ಪುರಗಳಿಂದ, ಗಡಿಯಾಚೆಯ ಹರಿಯಾಣದ ಹಳ್ಳಿಗಳಿಂದ ಬಂದವು. ವಸಾಹತು ನಿವಾಸಿಗಳ ಮೊಕದ್ದಮೆಗೆ ಕೋರ್ಟು ಸಿಕ್ಕ ಹಾಗೆ ಇವರಿಗೆ ಸಿಗಲಿಲ್ಲ.

ಒಯ್ಯುವುದು ಯಾವಾಗಲೂ ಸೋಲುತ್ತದೆ ಎಂದು ಹೇಳುವುದು ತಪ್ಪಾದೀತು. 1997ರಲ್ಲಿ ವೃಂದಾವನದಿಂದ 600 ಕೋತಿಗಳನ್ನು ಎಂಟು ಕಾಡುಜಾಗಗಳಿಗೆ ಸಾಗಿಸಿದಾಗ ಅವು ಅಲ್ಲಿ ನೆಲೆಯೂರಿದವು. ಆದರೆ ಅಲ್ಲಿ ಇಡೀ ಇಡೀ ಗುಂಪುಗಳನ್ನೇ ಹಿಡಿದು, ಒಂದೊಂದು ಗುಂಪನ್ನು ಒಡೆಯದೆ ಒಯ್ದಿದ್ದರು, ಜಾಗಗಳನ್ನು ಮೊದಲೇ ನೋಡಿದ್ದರು. ದಿಲ್ಲಿಯ ಬೋನಿಗೆ ತಲೆಗಿಷ್ಟು ಎಂದು ಲೆಕ್ಕ. ಬಿದ್ದದ್ದು ಯಾರ ತಾಯಿ, ಯಾವ ಗುಂಪು ಎಂದು ನೋಡುತ್ತಾ ಕೂತರೆ ಗುತ್ತಿಗೆದಾರನಿಗೆ ಕಟ್ಟುವುದಿಲ್ಲ. ಆ ಗುತ್ತಿಗೆಗೂ ಜನ ಸಿಗದೆ, ದರ ಏರಿಸಿ ಮತ್ತೆ ಮತ್ತೆ ಟೆಂಡರ್ ಕರೆದದ್ದಿದೆ.

ಕೊಲ್ಲುವ ದಾರಿ? ಬೆಳೆ ತಿನ್ನುವ ಕೋತಿಗಳನ್ನು ಕೊಲ್ಲುವುದು ಅನಿವಾರ್ಯವಾದೀತು ಎಂಬರ್ಥದಲ್ಲಿ ಗಾಂಧಿ 1946ರಲ್ಲಿ ಹರಿಜನದಲ್ಲಿ ಬರೆದಿದ್ದರು, ಬೈಸಿಕೊಂಡೂ ಇದ್ದರು. 2016ರಲ್ಲಿ ಶಿಮ್ಲಾದ ಕೋತಿಗಳನ್ನು ಕೇಂದ್ರ ಸರ್ಕಾರ ಉಪದ್ರವಕಾರಿ ಪ್ರಾಣಿ ಎಂದು ಘೋಷಿಸಿ ಕೊಲ್ಲಲು ಬಿಟ್ಟರೂ ಕೊಲ್ಲಲು ಮುಂದೆ ಬಂದವರು ತೀರ ಕಡಿಮೆ. ಹಿಮಾಚಲ ಹಿಡಿದ ಇನ್ನೊಂದು ದಾರಿ ಸಂತಾನಹರಣ ಚಿಕಿತ್ಸೆ, ಒಂದೂವರೆ ಲಕ್ಷ ದಾಟಿದೆ. ಅದು ನಿಧಾನದ, ಬೇಸರದ, ಫೋಟೋ ತೆಗೆಸಿಕೊಳ್ಳಲು ಬಾರದ ಕೆಲಸ. ದಿಲ್ಲಿಯಲ್ಲಿ ಅದರ ಮಾತು ಎದ್ದು ಎದ್ದು ಕೂತಿದೆ.

ಕರ್ನಾಟಕದಲ್ಲಿ ಈ ಸಾಗಣೆ ಕೋರ್ಟಿನ ಆದೇಶವಿಲ್ಲದೆ, ರಾತ್ರಿ ಹೊತ್ತು ನಡೆಯುತ್ತದೆ. ಒಂದು ಊರಿನವರು ಹಿಡಿಸಿ ಲಾರಿಯಲ್ಲಿ ಇನ್ನೊಂದು ಊರಿನ ಬಳಿ ಬಿಟ್ಟುಬರುತ್ತಾರೆ. ಆ ಊರಿನವರು ಮತ್ತೆ ಹಿಡಿಸುತ್ತಾರೆ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ರಸ್ತೆ ಬದಿಯ ಚೀಲಗಳಲ್ಲಿ 38 ಮಂಗಗಳ ಹೆಣ ಸಿಕ್ಕಿದಾಗ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಹಿಡಿದು ಬಿಡಲು ದುಡ್ಡು ಕೊಟ್ಟದ್ದು ಸತಾಯಿಸಿಕೊಂಡಿದ್ದ ಬೆಳೆಗಾರರೇ ಎಂದು ತನಿಖೆಯಲ್ಲಿ ಬಂತು. ವಿಚಿತ್ರವೆಂದರೆ ನಮ್ಮ ಟೋಪಿ ಕೋತಿ ಒಟ್ಟಿನಲ್ಲಿ ಹೆಚ್ಚುತ್ತಿಲ್ಲ, ಕಡಿಮೆಯಾಗುತ್ತಿದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ದಶಕಗಳ ಕಾಲ ಮೈಸೂರು ಸುತ್ತಿನ ಹೆದ್ದಾರಿಗಳಲ್ಲಿ ಎಣಿಸುತ್ತ ಬಂದದ್ದು ಇದನ್ನೇ: ರಸ್ತೆ ಅಗಲಿಸಲು ಆಲದ ಸಾಲುಮರ ಕಡಿದ ಕಡೆ ಕೋತಿಗಳೂ ಹೋದವು. ಅದರ ಮೇಲೆ ಉತ್ತರದಿಂದ ರೀಸಸ್ ಅದರ ಸೀಮೆಯೊಳಕ್ಕೆ ಇಳಿದು ಬರುತ್ತಿದೆ. ಹಿಡಿದು ಬೇರೆಡೆ ಬಿಡುವ ನಮ್ಮ ಚಟವೂ ಅದಕ್ಕೆ ನೆರವಾಗಿರಬಹುದು ಎನ್ನುವ ಸಂಶೋಧಕರಿದ್ದಾರೆ.

2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಮಾಡಿ ಪಟ್ಟಿಗಳನ್ನು ಹೊಸದಾಗಿ ಬರೆದಾಗ ರೀಸಸ್‌ನ ಹೆಸರನ್ನು ಬಿಟ್ಟರು. ಪಟ್ಟಿಯಲ್ಲಿ ಹೆಸರಿಲ್ಲದ ಪ್ರಾಣಿ ಕಾನೂನಿನ ಪ್ರಕಾರ ವನ್ಯವಲ್ಲ. ತಿದ್ದುಪಡಿ ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು, ರಫ್ತು ನಿಷೇಧವಾಗಿ ಸರಿಯಾಗಿ 45 ವರ್ಷಕ್ಕೆ. ಅರಣ್ಯ ಇಲಾಖೆಗೆ ಈಗ ತೋರಿಸಲು ಒಂದು ಕಾಗದ ಸಿಕ್ಕಿದೆ. ಪಾಲಿಕೆಗೆ ಬೋನುಗಳಿವೆ, ಒಯ್ಯಲು ಹೊಸ ಜಾಗ ಇಲ್ಲ. ಹಿಡಿದ ಕೋತಿಗಳ ಗಾಡಿ ಈಗಲೂ ದಕ್ಷಿಣಕ್ಕೇ, ಸಂಜಯ್ ಕಾಲೋನಿಯ ಕಡೆಗೇ ಹೋಗುತ್ತದೆ.